ಸಾವುಗಳೇ ಹೆಚ್ಚಿದ್ದರೂ ಜರ್ಮನಿಯ ಜನಸಂಖ್ಯೆ ಕುಗ್ಗಲಿಲ್ಲವೇಕೆ?

ಪ್ರಶ್ನೆ: ಜರ್ಮನಿಯಲ್ಲಿ ಐವತ್ತು ವರ್ಷಗಳಿಂದ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು ಎಂದು ಓದಿದ್ದೇನೆ. ಹಾಗಿದ್ದೂ ಅಲ್ಲಿನ ಜನಸಂಖ್ಯೆ ಹೆಚ್ಚಿದ್ದು ಹೇಗೆ? ಹೊರಗಿನಿಂದ ಬಂದವರಿಂದ ಎನ್ನುವುದಾದರೆ, ಒಂದು ದೇಶ ಹೀಗೆ ಎಷ್ಟು ಕಾಲ ಮುಂದುವರಿಯಬಹುದು?

ಉತ್ತರ: ನೀವು ಓದಿದ್ದು ನಿಜ. 1972ರಿಂದ ಈಚೆಗೆ, ಒಂದು ವರ್ಷವೂ ತಪ್ಪದೆ, ಜರ್ಮನಿಯಲ್ಲಿ ಜನನಗಳಿಗಿಂತ ಮರಣಗಳ ಸಂಖ್ಯೆಯೇ ಹೆಚ್ಚಾಗಿದೆ. ಆಗ ಪೂರ್ವ ಮತ್ತು ಪಶ್ಚಿಮ ಎಂದು ಎರಡು ಜರ್ಮನಿಗಳಿದ್ದವು. ಎರಡನ್ನೂ ಕೂಡಿಸಿದರೆ ಆ ವರ್ಷ ಅಲ್ಲಿದ್ದವರು ಸುಮಾರು 7.9 ಕೋಟಿ ಜನ. 2024ರ ಕೊನೆಗೆ ಆ ಸಂಖ್ಯೆ ಸುಮಾರು 8.36 ಕೋಟಿ. ಅರ್ಧ ಶತಮಾನದ ಕೊರತೆಯನ್ನು ತುಂಬಿ, ಅದರ ಮೇಲೆ ಇನ್ನೂ ನಲವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿದ್ದು ವಲಸೆಯೇ.

ದೇಶವೊಂದರ ಜನಸಂಖ್ಯೆ ಬದಲಾಗಲು ಇರುವ ದಾರಿಗಳು ನಾಲ್ಕೇ: ಹುಟ್ಟಿ ಸೇರುವುದು, ಬಂದು ಸೇರುವುದು, ಸತ್ತು ಇಲ್ಲವಾಗುವುದು, ಬಿಟ್ಟು ಹೋಗುವುದು. ಮೊದಲ ಎರಡನ್ನು ಕೂಡಿಸಿ, ಕೊನೆಯ ಎರಡನ್ನು ಕಳೆದರೆ ಆ ವರ್ಷದ ಏರಿಳಿತ ದೊರೆಯುತ್ತದೆ. 2022ರಲ್ಲಿ ಜರ್ಮನಿಯಲ್ಲಿ ಸುಮಾರು 7.39 ಲಕ್ಷ ಮಕ್ಕಳು ಹುಟ್ಟಿದರು, 10.66 ಲಕ್ಷ ಜನ ತೀರಿಕೊಂಡರು; ಅಂದರೆ ಮೂರೂಕಾಲು ಲಕ್ಷದ ಕೊರತೆ. ಅದೇ ವರ್ಷ ಹೊರಗಿನಿಂದ ಬಂದವರು 26.7 ಲಕ್ಷ, ಬಿಟ್ಟು ಹೋದವರು 12 ಲಕ್ಷ. ಬಂದವರಲ್ಲಿ ಸುಮಾರು ಹನ್ನೊಂದು ಲಕ್ಷ ಜನ ಯುದ್ಧದಿಂದ ತಪ್ಪಿಸಿಕೊಂಡು ಉಕ್ರೇನಿನಿಂದ ಬಂದವರು. ಎಲ್ಲವನ್ನೂ ಕೂಡಿ ಕಳೆದಾಗ ಒಂದೇ ವರ್ಷದಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನ ಹೆಚ್ಚಿದ್ದರು. ಎರಡು ವರ್ಷಗಳ ನಂತರ, 2024ರಲ್ಲಿ, ಜನನ 6.77 ಲಕ್ಷ, ಮರಣ 10.08 ಲಕ್ಷ, ಕೊರತೆ ಹೆಚ್ಚುಕಡಿಮೆ ಅಷ್ಟೇ. ಆದರೆ ನಿವ್ವಳ ವಲಸೆ, ಎಂದರೆ ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆ, ಸುಮಾರು 4.3 ಲಕ್ಷಕ್ಕೆ ಇಳಿದಿದ್ದರಿಂದ ಜನಸಂಖ್ಯೆ ಏರಿದ್ದು ಒಂದು ಲಕ್ಷದಷ್ಟು ಮಾತ್ರ. ಜನನ ಮರಣಗಳ ಅಂತರ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಕದಲುತ್ತದೆ. ವಲಸೆಯಾದರೋ ಯುದ್ಧ, ಕಾನೂನು, ಉದ್ಯೋಗಗಳ ಬೆನ್ನು ಹಿಡಿದು ಒಮ್ಮೆಲೇ ಉಕ್ಕುತ್ತದೆ, ಒಮ್ಮೆಲೇ ಇಳಿಯುತ್ತದೆ. 2008 ಮತ್ತು 2009ರಲ್ಲಂತೂ ಬಂದವರಿಗಿಂತ ಹೋದವರೇ ಹೆಚ್ಚೆಂದು ದಾಖಲಾಗಿತ್ತು.

ಜನನಗಳಿಗಿಂತ ಮರಣಗಳು ಹೆಚ್ಚೆಂದರೆ ಅಲ್ಲಿ ಜನರ ಆರೋಗ್ಯ ಕೆಟ್ಟಿದೆ ಎಂದು ಕೆಲವರು ತಿಳಿಯುತ್ತಾರೆ. ವಾಸ್ತವ ಅದಕ್ಕೆ ವಿರುದ್ಧವಾಗಿದೆ. ಜರ್ಮನಿಯಲ್ಲಿ ಸರಾಸರಿ ಆಯುಷ್ಯ ಎಂಬತ್ತು ವರ್ಷ ದಾಟಿದೆ, ಭಾರತದಲ್ಲಿ ಅದು ಎಪ್ಪತ್ತರ ಆಸುಪಾಸಿನಲ್ಲಿದೆ. ಹಾಗಿದ್ದೂ ಪ್ರತಿ ಸಾವಿರ ಜನರಿಗೆ ವರ್ಷಕ್ಕೆ ಸಂಭವಿಸುವ ಮರಣಗಳು ಜರ್ಮನಿಯಲ್ಲಿ ಸುಮಾರು 12, ಭಾರತದಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಮದುವೆಯ ಮನೆಯಲ್ಲಿ ಸೇರಿದ ನೂರು ಜನರಲ್ಲಿ ಹೆಚ್ಚಿನವರು ಇಪ್ಪತ್ತೈದರ ಒಳಗಿನವರಾಗಿದ್ದರೆ ಒಂದು ಲೆಕ್ಕ, ಹೆಚ್ಚಿನವರು ಅಜ್ಜ ಅಜ್ಜಿಯರಾಗಿದ್ದರೆ ಇನ್ನೊಂದು ಲೆಕ್ಕ. ಒಂದು ವರ್ಷದಲ್ಲಿ ಎಷ್ಟು ಜನ ಸಾಯುತ್ತಾರೆ, ಎಷ್ಟು ಮಕ್ಕಳು ಹುಟ್ಟುತ್ತಾರೆ ಎಂಬುದನ್ನು ಆ ದೇಶದ ಆಸ್ಪತ್ರೆಗಳು ಮತ್ತು ದಂಪತಿಗಳ ಇಚ್ಛೆ ಎಷ್ಟು ನಿರ್ಧರಿಸುತ್ತವೆಯೋ, ಜನರ ವಯಸ್ಸಿನ ಹಂಚಿಕೆಯೂ ಅಷ್ಟೇ ನಿರ್ಧರಿಸುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಸರಳವಾಗಿ ಹೇಳುವುದಾದರೆ, ಈಗಿನ ದರವೇ ಮುಂದುವರಿದರೆ ಒಬ್ಬ ಮಹಿಳೆ ತನ್ನ ಜೀವಿತಾವಧಿಯಲ್ಲಿ ಹೆರುವ ಮಕ್ಕಳ ಸರಾಸರಿ ಅದು. ತಂದೆ ತಾಯಿಯರ ಪೀಳಿಗೆಯ ಜಾಗವನ್ನು ಮಕ್ಕಳ ಪೀಳಿಗೆ ಪೂರ್ತಿಯಾಗಿ ತುಂಬಲು ಈ ದರ ಸುಮಾರು 2.1 ಇರಬೇಕು. ಜರ್ಮನಿಯಲ್ಲಿ ಮರಣಗಳು ಜನನಗಳನ್ನು ಮೀರಿದ 1972ರಲ್ಲಿ ಅಲ್ಲಿನ ದರವೂ ಸುಮಾರು 1.7 ಆಗಿತ್ತು. ದರ ಒಂದೇ, ಫಲಿತಾಂಶ ಬೇರೆ. ಕರ್ನಾಟಕದಲ್ಲಿ ಇಂದಿಗೂ ಮರಣಗಳಿಗಿಂತ ಜನನಗಳೇ ಬಹಳ ಹೆಚ್ಚು, ಏಕೆಂದರೆ ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ಪೀಳಿಗೆಯೊಂದು ಈಗ ತಾಯ್ತನದ ವಯಸ್ಸಿನಲ್ಲಿದೆ. ಪ್ರತಿಯೊಬ್ಬರಿಗೂ ಮಕ್ಕಳು ಕಡಿಮೆಯಾದರೂ ತಾಯಂದಿರೇ ಹೆಚ್ಚಿದ್ದಾರೆ. ಇದನ್ನು ಜನಸಂಖ್ಯೆಯ ಆವೇಗ ಎನ್ನುತ್ತಾರೆ. ತುಳಿಯುವುದನ್ನು ನಿಲ್ಲಿಸಿದ ಮೇಲೂ ಸೈಕಲ್ಲು ಸ್ವಲ್ಪ ದೂರ ಉರುಳುವಂತೆ, ಫಲವತ್ತತೆ ಇಳಿದ ಮೇಲೂ ಜನಸಂಖ್ಯೆ ಕೆಲವು ದಶಕ ಏರುತ್ತಲೇ ಇರುತ್ತದೆ.

ಆವೇಗ ಇಳಿಮುಖವಾಗಿಯೂ ಕೆಲಸ ಮಾಡುತ್ತದೆ. ಬರ್ಲಿನ್ ಗೋಡೆ ಬಿದ್ದ 1989ರಲ್ಲಿ ಪೂರ್ವ ಜರ್ಮನಿಯಲ್ಲಿ ಸುಮಾರು 1.99 ಲಕ್ಷ ಮಕ್ಕಳು ಹುಟ್ಟಿದ್ದರು. ಕಾರ್ಖಾನೆಗಳು ಮುಚ್ಚಿ, ಕೆಲಸ ಹೋಗಿ, ನಾಳೆ ಏನೆಂದು ತಿಳಿಯದ ಸ್ಥಿತಿಯಲ್ಲಿ ಜನ ಮಕ್ಕಳನ್ನು ಪಡೆಯುವುದನ್ನು ಮುಂದೂಡಿದರು. ಎಳೆಯ ವಯಸ್ಸಿನವರು, ಅದರಲ್ಲೂ ಯುವತಿಯರು, ಪಶ್ಚಿಮಕ್ಕೆ ಹೊರಟುಹೋದರು. 1994ರಲ್ಲಿ ಅಲ್ಲಿ ಹುಟ್ಟಿದವರು 79,000ಕ್ಕೂ ಕಡಿಮೆ, ಫಲವತ್ತತೆ ದರ 0.77. ಅಂದು ಹುಟ್ಟದೇ ಉಳಿದ ಹೆಣ್ಣುಮಕ್ಕಳು ಮೂವತ್ತು ವರ್ಷಗಳ ನಂತರ, ಅಂದರೆ ಇಂದು, ತಾಯಂದಿರಾಗಲು ಅಲ್ಲಿಲ್ಲ. ಆ ಕಷ್ಟದ ಐದಾರು ವರ್ಷಗಳ ನೆರಳು ಹೀಗೆ ಒಂದು ಪೀಳಿಗೆ ದಾಟಿ ಬಿದ್ದಿದೆ.

ಇನ್ನು ವಲಸೆಯ ವಿಷಯ. ಯುದ್ಧಾನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಆಳುಗಳು ಸಾಲದಾದಾಗ ಸರ್ಕಾರ 1955ರಲ್ಲಿ ಇಟಲಿಯೊಡನೆ ಒಪ್ಪಂದ ಮಾಡಿಕೊಂಡಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ, 1964ರಲ್ಲಿ ಪೋರ್ಚುಗಲ್, 1968ರಲ್ಲಿ ಯುಗೊಸ್ಲಾವಿಯ ಸೇರಿದವು. ಬಂದವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದರು. ನಲವತ್ತು ವರ್ಷ ತೆರಿಗೆ ಕಟ್ಟಿದವರಿಗೆ ಆ ಹೆಸರು ಸಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. 1964ರ ಸೆಪ್ಟೆಂಬರ್ 10ರಂದು ಕಲೋನ್ ನಗರದ ಡಾಯ್ಟ್ಸ್ ರೈಲು ನಿಲ್ದಾಣದಲ್ಲಿ ಇಳಿದ ಪೋರ್ಚುಗಲ್ಲಿನ ಬಡಗಿ ಅರ್ಮಾಂಡೊ ರೊಡ್ರಿಗೆಸ್ ದಿ ಸಾ ಅವರನ್ನು ಹತ್ತು ಲಕ್ಷನೆಯ ಅತಿಥಿ ಕಾರ್ಮಿಕನೆಂದು ಸ್ವಾಗತಿಸಿ, ಒಂದು ಮೊಪೆಡ್ ಉಡುಗೊರೆ ಕೊಟ್ಟರು. ಆ ಮೊಪೆಡ್ ಈಗ ಬಾನ್ ನಗರದ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅವರೋ ಕಾಯಿಲೆ ಬಿದ್ದು ಊರಿಗೆ ಮರಳಿ 1979ರಲ್ಲಿ ಅಲ್ಲಿಯೇ ತೀರಿಕೊಂಡರು. ನಾಲ್ಕು ದಾರಿಗಳ ಲೆಕ್ಕದಲ್ಲಿ ಅವರ ಬದುಕನ್ನು ಇಟ್ಟು ನೋಡಿ: ಜನನ ಪೋರ್ಚುಗಲ್ಲಿನದು, ಮರಣ ಪೋರ್ಚುಗಲ್ಲಿನದು; ಜರ್ಮನಿಯ ಪುಸ್ತಕದಲ್ಲಿ ಒಮ್ಮೆ ಕೂಡಿಸಿ ಒಮ್ಮೆ ಕಳೆದದ್ದಷ್ಟೇ, ಉಳಿದದ್ದು ಸೊನ್ನೆ. ದುಡಿದ ವರ್ಷಗಳು ಯಾವ ಕಾಲಮಿನಲ್ಲೂ ಕಾಣುವುದಿಲ್ಲ. 1973ರ ನವೆಂಬರಿನಲ್ಲಿ ನೇಮಕಾತಿ ನಿಲ್ಲುವವರೆಗೆ ಹೀಗೆ ಬಂದವರು ಸುಮಾರು 1.4 ಕೋಟಿ, ಅವರಲ್ಲಿ ಮರಳಿ ಹೋದವರು ಸುಮಾರು 1.1 ಕೋಟಿ.

ಉಳಿದ ಮೂವತ್ತು ಲಕ್ಷದವರೇ ನಿಮ್ಮ ಪ್ರಶ್ನೆಯ ಒಳತಿರುಳು. ಅವರು ಸಂಸಾರವನ್ನು ಕರೆಸಿಕೊಂಡರು, ಮಕ್ಕಳಾದವು. ಆ ಮಕ್ಕಳು ‘ವಲಸೆ’ಯ ಲೆಕ್ಕಕ್ಕಲ್ಲ, ‘ಜನನ’ದ ಲೆಕ್ಕಕ್ಕೆ ಸೇರಿದರು. ವಲಸೆ ಹೋಗುವವರು ಸಾಮಾನ್ಯವಾಗಿ ಎಳೆಯರು, ಎಂದರೆ ಮಕ್ಕಳಾಗುವ ವಯಸ್ಸಿನವರು. 2016ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸುಮಾರು 7.92 ಲಕ್ಷ ಮಕ್ಕಳಲ್ಲಿ ಸುಮಾರು 1.85 ಲಕ್ಷ ಮಕ್ಕಳ ತಾಯಂದಿರು ವಿದೇಶಿ ಪೌರತ್ವದವರಾಗಿದ್ದರು. ಅದೇ ರೀತಿ, 1965ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಬಂದವರಿಗೆ 2025ಕ್ಕೆ ಎಂಬತ್ತೈದು. ಅವರು ಈಗ ‘ಮರಣ’ದ ಲೆಕ್ಕಕ್ಕೆ ಸೇರುತ್ತಿದ್ದಾರೆ. ವಲಸೆಯನ್ನು ಜನನ ಮರಣಗಳ ಪಕ್ಕದಲ್ಲಿ ನಿಂತ ಮೂರನೆಯ ಅಂಕಿಯೆಂದು ನೋಡಿದರೆ ಅರ್ಧ ಮಾತ್ರ ಕಂಡಂತೆ. ಬಂದ ಕೆಲವೇ ವರ್ಷಗಳಲ್ಲಿ ಅದು ಜನನಕ್ಕೂ, ಕೆಲವು ದಶಕಗಳಲ್ಲಿ ಮರಣಕ್ಕೂ ಹರಿದು ಸೇರುತ್ತದೆ. ಬಂದವರೂ ಮುದುಕರಾಗುತ್ತಾರೆ, ಆದ್ದರಿಂದ ವಲಸೆ ದೇಶದ ಮುಪ್ಪನ್ನು ತಡಮಾಡಬಲ್ಲದು, ತಡೆಯಲಾರದು.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ದುರ್ಬಲವಾದ ಅಂಕಿ ಬಿಟ್ಟು ಹೋದವರದು. ಮಗು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ ಪ್ರಮಾಣಪತ್ರವಾಗುತ್ತದೆ. ಜರ್ಮನಿಗೆ ಬಂದವರೂ ವಿಳಾಸ ನೋಂದಾಯಿಸಲೇಬೇಕು, ಅದಿಲ್ಲದೆ ಕೆಲಸಕಾರ್ಯ ಸಾಗುವುದಿಲ್ಲ. ದೇಶ ಬಿಟ್ಟು ಹೋಗುವಾಗ ಹೆಸರು ತೆಗೆಸಬೇಕೆಂಬ ನಿಯಮವಿದ್ದರೂ ಬಹಳ ಮಂದಿ ಅದನ್ನು ಮಾಡುವುದಿಲ್ಲ. ಪರಿಣಾಮವಾಗಿ 2022ರ ಮೇ 15ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದವರು 8.27 ಕೋಟಿ, ಕಾಗದದ ಲೆಕ್ಕಕ್ಕಿಂತ ಸುಮಾರು 14 ಲಕ್ಷ ಕಡಿಮೆ. 2011ರ ಜನಗಣತಿಯಲ್ಲಿಯೂ ಸುಮಾರು 15 ಲಕ್ಷದ ವ್ಯತ್ಯಾಸ ಕಂಡಿತ್ತು. ಅಷ್ಟು ಕಟ್ಟುನಿಟ್ಟಿನ ದಾಖಲೆಯ ದೇಶದಲ್ಲೇ ಹೀಗಿರುವಾಗ, ಮನೆ ಮನೆಗೆ ಹೋಗಿ ಎಣಿಸುವ ಜನಗಣತಿಯ ಬೆಲೆಯನ್ನು ನಾವು ಕಡಿಮೆ ಮಾಡಬಾರದು. 2011ರ ನಂತರ ಭಾರತದಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಮುಂದೆ ಹೋಗಿರುವುದು ಈ ಕಾರಣಕ್ಕೆ ನನ್ನನ್ನು ಕಾಡುತ್ತದೆ.

ಬೇರೆ ದಾರಿ ಹಿಡಿದ ದೇಶ ಜಪಾನ್. ಅಲ್ಲಿಯೂ ಮಕ್ಕಳು ಕಡಿಮೆ, ವೃದ್ಧರು ಹೆಚ್ಚು. ಆದರೆ ಬಹುಕಾಲ ವಲಸೆಗೆ ಬಾಗಿಲನ್ನು ಅರೆ ತೆರೆದೇ ಇಟ್ಟಿತ್ತು. 2008ರ ಸುಮಾರಿಗೆ 12.8 ಕೋಟಿ ಮುಟ್ಟಿದ ಅದರ ಜನಸಂಖ್ಯೆ ಆಮೇಲೆ ಇಳಿಯುತ್ತಲೇ ಇದೆ. 2024ರಲ್ಲಿ ಜಪಾನಿನ ಪ್ರಜೆಗಳಿಗೆ ಹುಟ್ಟಿದ ಮಕ್ಕಳು ಸುಮಾರು 6.86 ಲಕ್ಷ, ಸತ್ತವರು 16 ಲಕ್ಷ.

ಹೀಗೆ ಎಷ್ಟು ಕಾಲ ನಡೆಯಬಹುದು ಎಂದು ಕೇಳಿದ್ದೀರಿ. 2024ರ ಅಂಕಿಗಳನ್ನೇ ಹಿಡಿದರೆ, ಜನಸಂಖ್ಯೆ ಇದ್ದಲ್ಲಿಯೇ ನಿಲ್ಲಲು ಜರ್ಮನಿಗೆ ವರ್ಷಕ್ಕೆ ಸುಮಾರು 3.3 ಲಕ್ಷ ನಿವ್ವಳ ವಲಸೆ ಬೇಕು. ಆ ಕಾರಣಕ್ಕೇ ಅದು 2022ರಲ್ಲಿ ಭಾರತದೊಡನೆ ವಲಸೆ ಒಪ್ಪಂದ ಮಾಡಿಕೊಂಡಿತು, ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರಲ್ಲಿ ಹೇಳಿತು. ಬೆಂಗಳೂರಿನಲ್ಲಿ ಇಂದು ಜರ್ಮನ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಲೆಕ್ಕದ ಭಾಗವೇ. ಅವರ ಹೆರಿಗೆ, ಲಸಿಕೆ, ಶಾಲೆ, ಕಾಲೇಜುಗಳ ಖರ್ಚನ್ನು ಇಲ್ಲಿನ ತಂದೆ ತಾಯಿಯರೂ ಸರ್ಕಾರವೂ ಹೊತ್ತಿರುತ್ತಾರೆ. ದುಡಿಮೆ ಶುರುವಾಗುವುದು ಅಲ್ಲಿ.

ಕೊರತೆಯಾದರೂ ಈಗಿರುವಷ್ಟಕ್ಕೇ ನಿಲ್ಲುವ ಸೂಚನೆಯಿಲ್ಲ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಅತಿ ಹೆಚ್ಚು ಮಕ್ಕಳು ಹುಟ್ಟಿದ್ದು, ರೊಡ್ರಿಗೆಸ್ ಅವರಿಗೆ ಮೊಪೆಡ್ ಕೊಟ್ಟ ಅದೇ 1964ರಲ್ಲಿ. ಪೂರ್ವ ಪಶ್ಚಿಮ ಸೇರಿ 13.57 ಲಕ್ಷ, ಅಂದರೆ 2024ರ ಸಂಖ್ಯೆಯ ಎರಡರಷ್ಟು. ಅಲ್ಲಿನ ಕಾನೂನಿನಂತೆ ಅವರ ನಿವೃತ್ತಿಯ ವಯಸ್ಸು 67. ಆ ಪೀಳಿಗೆ 2031ರಲ್ಲಿ ಕೆಲಸ ಬಿಟ್ಟು ಮನೆಗೆ ಹೋಗುತ್ತದೆ, ಮತ್ತೆ ಹತ್ತು ಹದಿನೈದು ವರ್ಷಗಳಲ್ಲಿ ಮರಣದ ಕಾಲಮಿಗೆ ದೊಡ್ಡ ಸಂಖ್ಯೆಯಲ್ಲಿ ಸೇರತೊಡಗುತ್ತದೆ.