ಏಪ್ರಿಲ್ ಮಧ್ಯಾಹ್ನದ ತಂತಿ, ಜುಲೈ ರಾತ್ರಿಯ ತಂತಿ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಏಪ್ರಿಲ್ ಮಧ್ಯಾಹ್ನದ ಪಾಡು ಗೊತ್ತು. ತ್ರೀ ಫೇಸ್ ಇರುತ್ತದೆ, ಆದರೂ ಪಂಪ್ ನರಳುತ್ತದೆ. ಸ್ಪ್ರಿಂಕ್ಲರ್ ನೀರು ಪಕ್ಕದ ಸಾಲಿಗೂ ಹಾರುವುದಿಲ್ಲ. ‘ವೋಲ್ಟೇಜೇ ಇಲ್ಲ’ ಎಂದು ಸ್ಟಾರ್ಟರ್ ಆಫ್ ಮಾಡಿ ಮನೆಗೆ ಬರುತ್ತೇವೆ. ಎಲ್ಲರೂ ಒಟ್ಟಿಗೆ ಪಂಪ್ ಹಾಕಿದ್ದೇ ಇದಕ್ಕೆ ದೊಡ್ಡ ಕಾರಣ. ಆದರೆ ಕಂಬದ ಮೇಲಿನ ತಂತಿಯ ಬಿಸಿಗೂ ಅದರಲ್ಲಿ ಪಾಲಿದೆ.

ಆ ತಂತಿ ಅಲ್ಯೂಮಿನಿಯಂನದು, ನಡುವೆ ಉಕ್ಕಿನ ಎಳೆ. ಅಲ್ಯೂಮಿನಿಯಂ ಒಂದು ಡಿಗ್ರಿ ಕಾದರೆ ಕರೆಂಟಿಗೆ ಅದು ಒಡ್ಡುವ ತಡೆ, ಅಂದರೆ ರೋಧ, ಸುಮಾರು ಶೇ. 0.4ರಷ್ಟು ಏರುತ್ತದೆ. ಕೇಳಲು ಏನೂ ಅಲ್ಲ, ಅಲ್ವಾ? ಜುಲೈ ಮಳೆಯಲ್ಲಿ 25 ಡಿಗ್ರಿ ಇದ್ದ ತಂತಿ ಏಪ್ರಿಲ್‌ನಲ್ಲಿ ಬಿಸಿಲು, ಕರೆಂಟು ಎರಡೂ ಸೇರಿ 65 ಡಿಗ್ರಿಗೆ ಹೋಯಿತು ಅನ್ನಿ. ರೋಧ ಶೇ. 16 ಜಾಸ್ತಿಯಾಯಿತು. ಅಷ್ಟೇ ಕರೆಂಟು ಹರಿದರೂ ದಾರಿಯಲ್ಲಿ ಪೋಲಾಗುವ ವಿದ್ಯುತ್ತು ಶೇ. 16 ಜಾಸ್ತಿ. ರೋಧ ಏರಿದಷ್ಟೂ ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಪಂಪಿನ ಮೋಟಾರು ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ. ತಂತಿ ಇನ್ನೂ ಕಾಯುತ್ತದೆ.

ಯಾವ ಸ್ಟೇಷನ್ನಿನಲ್ಲಿ ಎಷ್ಟು ವೋಲ್ಟೇಜ್ ನಿಲ್ಲುತ್ತದೆ, ಯಾವ ಲೈನಿನಲ್ಲಿ ವಿದ್ಯುತ್ತು ಯಾವ ಕಡೆಗೆ ಎಷ್ಟು ಹರಿಯುತ್ತದೆ ಎಂದು ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕುತ್ತಾರೆ. ಅದಕ್ಕೆ ಲೋಡ್ ಫ್ಲೋ ಅಂತಾರೆ. ವೋಲ್ಟೇಜನ್ನು ಅಂದಾಜು ಮಾಡುವುದು, ಲೆಕ್ಕ ಕೂಡದಿದ್ದರೆ ತಿದ್ದುವುದು, ಮತ್ತೆ ನೋಡುವುದು. ಸಾಮಾನ್ಯವಾಗಿ ಇದರಲ್ಲಿ ತಂತಿಯ ರೋಧಕ್ಕೆ ಒಂದೇ ಅಂಕಿ ಹಾಕಿಬಿಡುತ್ತಾರೆ. 220 ಕೆವಿಯಂಥ ದೊಡ್ಡ ಲೈನುಗಳಲ್ಲಿ ವಿದ್ಯುತ್ತಿನ ಹಂಚಿಕೆಗೆ ಅದರಿಂದ ಹೆಚ್ಚು ಧಕ್ಕೆಯಿಲ್ಲ, ನಷ್ಟದ ಲೆಕ್ಕ ಮಾತ್ರ ತಪ್ಪುತ್ತದೆ. ನಮ್ಮ ಹಳ್ಳಿಗಳ 11 ಕೆವಿ ಲೈನಿನ ಕಥೆ ಬೇರೆ. ಅಲ್ಲಿರುವುದು ‘ರ್‍ಯಾಬಿಟ್’, ‘ವೀಸಲ್’ ಎಂಬ ಸಣ್ಣ ತಂತಿಗಳು. ಅಲ್ಲಿ ರೋಧದ್ದೇ ಯಜಮಾನಿಕೆ. ಹಾಗಾಗಿ ವೋಲ್ಟೇಜಿನ ಜೊತೆಗೆ ತಂತಿಯ ಬಿಸಿಯನ್ನೂ ಹುಡುಕಬೇಕಾದ ಅಂಕಿಯಾಗಿ ಇಟ್ಟುಕೊಳ್ಳುವ ಲೆಕ್ಕವೇ ಸರಿಯೆಂದು ನನಗೆ ಅನಿಸುತ್ತದೆ.

ಮಲೆನಾಡಿನಲ್ಲಿ ಆ ಬಿಸಿಯನ್ನು ಹಿಡಿಯುವುದು ಸುಲಭವಲ್ಲ. ತಂತಿಯನ್ನು ಕಾಯಿಸುವುದು ಕರೆಂಟು ಮತ್ತು ಬಿಸಿಲು, ತಣಿಸುವುದು ಮುಖ್ಯವಾಗಿ ಗಾಳಿ. ಒಂದೇ ಲೈನು ಗುಡ್ಡದ ನೆತ್ತಿ ಹತ್ತುತ್ತದೆ, ಅಲ್ಲಿ ಬೀಸುಗಾಳಿ. ಆಮೇಲೆ ಕಾಡಿನ ನಡುವಿನ ಕಣಿವೆಗೆ ಇಳಿಯುತ್ತದೆ, ಅಲ್ಲಿ ಎಲೆಯೂ ಅಲ್ಲಾಡುವುದಿಲ್ಲ. ಕರೆಂಟು ಎರಡೂ ಕಡೆ ಒಂದೇ, ಬಿಸಿ ಬೇರೆ ಬೇರೆ. ಗಾಳಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು ಎಂದು ಹಿಡಿದು ಲೈನಿನ ಮಿತಿ ಗೊತ್ತುಮಾಡುವುದು ರೂಢಿ. ನೆತ್ತಿಗೆ ಅದು ತೀರಾ ಕಡಿಮೆ. ಕಣಿವೆಯಲ್ಲಿ ಕೆಲವು ಮಧ್ಯಾಹ್ನ ಅಷ್ಟೂ ಇರುವುದಿಲ್ಲ. ಇಡೀ ಲೈನು ಎಷ್ಟು ಹೊರಬಹುದು ಎಂದು ತೀರ್ಮಾನಿಸುವುದು ಆ ಕಣಿವೆಯ ನಾಲ್ಕು ಕಂಬಗಳೇ.

ಕಾದ ತಂತಿ ಉದ್ದವೂ ಆಗುತ್ತದೆ. ದೊಡ್ಡ ಲೈನುಗಳಲ್ಲಿ 300 ಮೀಟರ್ ಅಂತರದ ಎರಡು ಟವರುಗಳ ನಡುವಿನ ತಂತಿ 40 ಡಿಗ್ರಿ ಕಾದರೆ ಸುಮಾರು 23 ಸೆಂಟಿಮೀಟರ್ ಹಿಗ್ಗುತ್ತದೆ. ಅಷ್ಟಕ್ಕೇ ನಡುವಿನ ಜೋಲು ಒಂದು ಮೀಟರಿನಷ್ಟು ಇಳಿಯಬಹುದು, ಕೆಳಗಿನ ಮರಕ್ಕೆ ತಾಗಲು ಅದು ಸಾಕು. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಜೋತ ತಂತಿಗಳು ಮರಗಳಿಗೆ ತಾಗಿ ಒಂದರ ಹಿಂದೊಂದು ಲೈನು ಟ್ರಿಪ್ ಆಗಿ ಬಂದ್ ಆಯಿತು. ಕೊನೆಗೆ ಕೆನಡಾವೂ ಸೇರಿ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. ಬೇಸಿಗೆಗೆ ಮುಂಚೆ ಲೈನ್‌ಮನ್‌ಗಳು ಕೊಂಬೆ ಕಡಿಯಲು ತೋಟಕ್ಕೆ ಬಂದರೆ ದಯವಿಟ್ಟು ಬಿಡಿ.

ಜೂನ್ ಬರುತ್ತಿದ್ದಂತೆ ಎಲ್ಲ ಬದಲಾಗುತ್ತದೆ. ಪಂಪ್‌ಗಳು ಮಲಗುತ್ತವೆ, ಲೋಡ್ ಇಳಿಯುತ್ತದೆ. ಲಿಂಗನಮಕ್ಕಿಗೆ ನೀರು ಬರತೊಡಗುತ್ತದೆ. 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಪೂರ್ತಿ ನಡೆದರೆ ಮಲೆನಾಡು ಹೊರಗೆ ಕಳಿಸುವ ಊರು. ಏಪ್ರಿಲ್‌ನಲ್ಲಿ ಜಲಾಶಯ ಬತ್ತಿದಾಗ ಹೊರಗಿನಿಂದ ತರಿಸಿಕೊಳ್ಳುವ ಊರು. ತಣ್ಣಗಿನ ಖಾಲಿ ಲೈನಿನಲ್ಲಿ ವೋಲ್ಟೇಜ್ ಬೀಳುವುದಿರಲಿ, ರಾತ್ರಿ ಏರಿಬಿಡುತ್ತದೆ. ಮಳೆ, ಮಂಜಿನ ರಾತ್ರಿ ತಾಳಗುಪ್ಪದ ಹತ್ತಿರ 400 ಕೆವಿ ಲೈನಿನ ಕೆಳಗೆ ನಿಂತರೆ ಮೇಲಿಂದ ಸರಸರ ಸದ್ದು ಕೇಳುತ್ತದೆ. ಒದ್ದೆ ತಂತಿಯ ಹನಿಗಳ ತುದಿಯಿಂದ ವಿದ್ಯುತ್ತು ಗಾಳಿಗೆ ಸೋರುವ ಸದ್ದು ಅದು. ಒಣ ದಿನದ ಲೆಕ್ಕದಲ್ಲಿ ಅದು ಇರುವುದಿಲ್ಲ.