ಇನ್ಫರ್ಮೇಶನ್ ಸೈನ್ಸ್ ಓದಿದ ಮಕ್ಕಳಿಗೆ ಸಮಾಧಾನ ಇದೆಯಾ?

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ಇನ್ಫರ್ಮೇಶನ್ ಸೈನ್ಸ್ ಸಿಗುವ ಹಾಗಿದೆ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲವಲ್ಲ ಅಂತ ಮನೆಯಲ್ಲಿ ಎಲ್ಲರದ್ದೂ ಸಪ್ಪೆ ಮುಖ. ಈ ಕೋರ್ಸ್ ಓದಿದವರಿಗೆ ನಿಜವಾಗಿಯೂ ತೃಪ್ತಿ ಸಿಕ್ಕಿದೆಯಾ?
– ಗುಬ್ಬಿಯಿಂದ ಒಬ್ಬ ಓದುಗರು

ಸಿಇಟಿಯ ಆಪ್ಷನ್ ಎಂಟ್ರಿ, ಅಂದರೆ ಕಾಲೇಜು-ಕೋರ್ಸು ಆಯ್ಕೆ ಶುರುವಾದರೆ ಸಾಕು, ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮೊದಲು ಆ ಸಪ್ಪೆ ಮುಖದ ವಿಚಾರ ಮುಗಿಸಿಬಿಡೋಣ. ಬೇರೆ ಕಡೆ 'ಐಟಿ' ಅಂತ ಕರೆಯುವ ಬ್ರಾಂಚಿಗೆ ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಇನ್ಫರ್ಮೇಶನ್ ಸೈನ್ಸ್ ಎಂದು ಹೆಸರು. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಎಲ್ಲವೂ ಸಿಎಸ್‌ನವರು ಓದುವುದೇ. ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೆ ಬಂದಾಗ ಸಾಮಾನ್ಯವಾಗಿ ಎರಡೂ ಬ್ರಾಂಚಿನವರನ್ನು ಒಂದೇ ಪರೀಕ್ಷೆಗೆ ಕೂರಿಸುತ್ತವೆ. ಹಾಗಾಗಿ ಹೆಸರಿನ ಸಲುವಾಗಿ ಊಟ ಬಿಡಬೇಕಾದ್ದಿಲ್ಲ.

ಇನ್ನು ತೃಪ್ತಿಯ ಮಾತು. ಅದು ಯಾವ ಸೆಮ್‌ನಲ್ಲಿ ಕೇಳುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನಾನು ಕೆಲವು ವರ್ಷ ಇದೇ ತುಮಕೂರಿನ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಂಡವನು, ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲ ವರ್ಷದವರನ್ನು ಕೇಳಲೇಬೇಡಿ. ಒಂದು ಸೆಮ್ ಫಿಸಿಕ್ಸ್ ಸೈಕಲ್, ಇನ್ನೊಂದು ಸೆಮ್ ಕೆಮಿಸ್ಟ್ರಿ ಸೈಕಲ್ ಅಂತ ಅವರ ಬ್ರಾಂಚಿನ ವಾಸನೆಯೇ ಸರಿಯಾಗಿ ಬಡಿದಿರುವುದಿಲ್ಲ. 'ಕಂಪ್ಯೂಟರ್ ಓದೋಕೆ ಬಂದ್ರೆ ಇಲ್ಲೂ ಕೆಮಿಸ್ಟ್ರಿನಾ ಸರ್?' ಎನ್ನುವವರೇ ಹೆಚ್ಚು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಪಾಠಕ್ಕಿಂತ ಪಾಠದ ಇಂಗ್ಲಿಷೇ ಭಾರ.

ಕೇಳುವುದಿದ್ದರೆ ಮೂರನೇ ಸೆಮ್‌ನಿಂದ ಮೇಲಿನವರನ್ನು ಕೇಳಿ. ಅಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇರುತ್ತದೆ. ಕೊರಟಗೆರೆ ಕಡೆಯ ಒಬ್ಬ ಹುಡುಗಿ ಲಿಂಕ್ಡ್ ಲಿಸ್ಟ್, ಅಂದರೆ ಮಾಹಿತಿಯ ತುಣುಕುಗಳನ್ನು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸುವ ಪ್ರೋಗ್ರಾಮ್ ಬರೆಯುತ್ತಿದ್ದಳು. ಪ್ರೋಗ್ರಾಮ್ ಕಂಪೈಲ್ ಆಗುತ್ತೆ, ಓಡಿಸಿದರೆ 'ಸೆಗ್ಮೆಂಟೇಶನ್ ಫಾಲ್ಟ್' ಅಂತ ಕುಸಿಯುತ್ತೆ. ಅರ್ಧ ಗಂಟೆ ಸ್ಕ್ರೀನ್ ದಿಟ್ಟಿಸಿದಳು. ಆಮೇಲೆ ರಫ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಸಾಲಾಗಿ ಡಬ್ಬಿ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದಳು. ಕೊನೆಯ ಡಬ್ಬಿಯ ಬಾಣ ಎಲ್ಲಿಗೆ ಹೋಗಬೇಕೋ ತೋಚದೆ ಪೆನ್ನು ನಿಂತಿತು. ಅಲ್ಲೇ ಇತ್ತು ತಪ್ಪು: ಕೊನೆಯ ಡಬ್ಬಿಗೆ 'ನಲ್', ಅಂದರೆ ಸರಪಳಿ ಇಲ್ಲಿಗೆ ಮುಗಿಯಿತು ಎನ್ನುವ ಗುರುತು ಹಾಕುವುದನ್ನೇ ಮರೆತಿದ್ದಳು. ಒಂದು ಸಾಲು ಸೇರಿಸಿದಳು, ಓಡಿತು. ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ತೋರಿಸಿದಳು ಅಷ್ಟೆ, ನನ್ನನ್ನು ಕರೆಯಲೂ ಇಲ್ಲ.

ಅದೇ ವಾರದ ಕೊನೆಗೆ ಅದೇ ಹುಡುಗಿ ಲ್ಯಾಬ್ ರೆಕಾರ್ಡ್ ಪುಸ್ತಕ ಬರೆಯುತ್ತಾ ಕೂತಿದ್ದಳು. ಓಡಿದ ಪ್ರೋಗ್ರಾಮನ್ನೇ ಮತ್ತೆ ಕೈಯಲ್ಲಿ, ಬಲಪುಟಕ್ಕೆ ನೀಲಿ ಪೆನ್ನು, ಎಡಪುಟದ ಔಟ್‌ಪುಟ್‌ಗೆ ಪೆನ್ಸಿಲ್. ಅವತ್ತು ಕೇಳಿದ್ದರೆ 'ಯಾಕಾದ್ರೂ ಬಂದೆನೋ' ಅಂದಿರುತ್ತಿದ್ದಳು. ಮಕ್ಕಳ ಗೊಣಗಾಟದಲ್ಲಿ ವಿಷಯದ ಮೇಲಿನ ಬೇಸರ ಕಡಿಮೆ. ಬಹುಪಾಲು ಈ ನಕಲು ಕೆಲಸದ ಮೇಲಿನದು. ನನಗೂ ಆ ರೆಕಾರ್ಡ್‌ಗಳಿಗೆ ಸಹಿ ಹಾಕಿ ಹಾಕಿ ಸಾಕಾಗಿತ್ತು.

ಕೊನೆಯ ವರ್ಷಕ್ಕೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ 'ತೃಪ್ತಿ' ಅಂದರೆ ಪ್ಲೇಸ್‌ಮೆಂಟ್. 2021-22ರಲ್ಲಿ ಟಿಸಿಎಸ್ ಒಂದೇ ಸುಮಾರು 1 ಲಕ್ಷ ಹೊಸಬರನ್ನು ತೆಗೆದುಕೊಂಡಿತು. ಆ ಬ್ಯಾಚಿಗೆ ಕಾಲೇಜು, ಕೋರ್ಸು, ಕ್ಯಾಂಟೀನಿನ ಚಿತ್ರಾನ್ನ ಎಲ್ಲವೂ ಚೆನ್ನಾಗಿತ್ತು. 2023-24ರ ಕೊನೆಗೆ ಅದೇ ಕಂಪನಿಯ ಉದ್ಯೋಗಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ 13,249ರಷ್ಟು ಇಳಿದಿತ್ತು, ಇನ್ಫೋಸಿಸ್‌ನಲ್ಲಿ 25,994ರಷ್ಟು. ಆ ವರ್ಷ ಹೊರಬಂದವರಿಗೆ ಅದೇ ಮೇಷ್ಟ್ರು, ಅದೇ ಸಿಲಬಸ್ಸು ಕೆಟ್ಟದಾಗಿ ಕಂಡರೆ ಅವರನ್ನು ದೂರಲಾಗದು. ಆದರೆ ಅದನ್ನು ಕೋರ್ಸಿನ ಗುಣ ಅಂತ ನೀವು ಓದಿಕೊಳ್ಳಬೇಡಿ, ಅದು ಮಾರುಕಟ್ಟೆಯ ಹವೆ.

'ಕಾಲೇಜಿನವರೇ ಸರ್ವೆ ಮಾಡುತ್ತಾರಲ್ಲ, ಅದನ್ನು ನಂಬಬಹುದಾ?' ಅಂತಲೂ ಕೆಲವರು ಕೇಳುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆ 2017ರಲ್ಲಿ ತನ್ನ ಪದ್ಧತಿ ಬದಲಿಸಿದಾಗ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಒಟ್ಟು 21 ಪ್ರಶ್ನೆ. ಮೊದಲನೆಯದು, ಸಿಲಬಸ್ಸಿನಲ್ಲಿ ಎಷ್ಟು ಪಾಲು ತರಗತಿಯಲ್ಲಿ ಮುಗಿಯಿತು ಎಂದು. 20ರವರೆಗೂ 0ಯಿಂದ 4ರ ಅಂಕ. ಅದೇ ನಮೂನೆಯನ್ನು ಕಾಲೇಜುಗಳೂ ತಮ್ಮ ಮಟ್ಟಿಗೆ ತುಂಬಿಸುವುದುಂಟು. ಹೇಗೆ ತುಂಬುತ್ತಾರೆ ಅಂತ ನೋಡಿದ್ದೇನೆ: ವಾಟ್ಸಾಪ್ ಗ್ರೂಪಿಗೆ ಲಿಂಕ್ ಬರುತ್ತೆ, ಬಸ್ಸಿನಲ್ಲಿ ನಿಂತುಕೊಂಡೇ ಹೆಬ್ಬೆರಳು 4, 4, 4 ಅಂತ ಇಳಿಯುತ್ತೆ. ಅಟೆಂಡೆನ್ಸ್ ಶಾರ್ಟೇಜ್ ಆದವನದ್ದು ಮೇಲಿಂದ ಕೆಳಗೆ ಸೊನ್ನೆ. ಬ್ರಿಟನ್ನಿನಲ್ಲಿ 2005ರಿಂದ ಕೊನೆಯ ವರ್ಷದ ವಿದ್ಯಾರ್ಥಿಗಳ ಸಮೀಕ್ಷೆ ನಡೆಯುತ್ತಿದೆ. ಅಲ್ಲೂ 2023ರಲ್ಲಿ ಇಂಗ್ಲೆಂಡಿನವರಿಗೆ 'ಒಟ್ಟಾರೆ ತೃಪ್ತಿ ಇದೆಯೇ' ಎಂಬ ಪ್ರಶ್ನೆಯನ್ನೇ ತೆಗೆದುಹಾಕಿದರು.

ಆದ್ದರಿಂದ ನೀವೇ ಒಮ್ಮೆ ಬನ್ನಿ. 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಕಾಲೇಜು (ಎಸ್‌ಐಟಿ) ಆಗಲಿ, ನಿನ್ನೆ ಮೊನ್ನೆ ಬೋರ್ಡು ಹಾಕಿದ ಕಾಲೇಜೇ ಆಗಲಿ, ಅಡ್ಮಿಷನ್ ಕೌಂಟರ್ ಬಿಟ್ಟು ಕ್ಯಾಂಟೀನಿಗೆ ಹೋಗಿ. ಮೇಷ್ಟ್ರು ಹೇಗೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. 'ಲ್ಯಾಬಿನಲ್ಲಿ ಒಂದು ಸಿಸ್ಟಮ್‌ಗೆ ಎಷ್ಟು ಜನ ಕೂರ್ತೀರಪ್ಪ?', 'ಕೊನೇ ವರ್ಷದ ಪ್ರಾಜೆಕ್ಟ್ ನೀವೇ ಮಾಡ್ತೀರಾ, ಬೆಂಗಳೂರಿಂದ ತರ್ತೀರಾ?' ಅಂತ ಕೇಳಿ. ಎರಡನೆಯದಕ್ಕೆ ನಗು ಬಂದರೆ ಅರ್ಥ ಮಾಡಿಕೊಳ್ಳಿ. ದುಡ್ಡು ಕೊಟ್ಟು ಪ್ರಾಜೆಕ್ಟ್ ತಂದವರು ಇಂಟರ್‌ವ್ಯೂನಲ್ಲಿ 'ಈ ಸಾಲು ಯಾಕೆ ಬರೆದೆ?' ಅನ್ನುವ ಪ್ರಶ್ನೆಗೆ ತಡವರಿಸಿ ಬಂದು, ಡಿಗ್ರಿಯನ್ನು ಶಪಿಸುವುದನ್ನು ಸಾಕಷ್ಟು ಕಂಡಿದ್ದೇನೆ.

ಆ ನ್ಯಾಕ್ ನಮೂನೆಯ ಸಮೀಕ್ಷೆಯಲ್ಲಿ ನಾನು ಆಸೆಯಿಂದ ಓದುತ್ತಿದ್ದದ್ದು 21ನೆಯ ಪ್ರಶ್ನೆಯ ಉತ್ತರಗಳನ್ನು ಮಾತ್ರ. ಅದಕ್ಕೆ ಅಂಕವಿಲ್ಲ, ಮೂರು ಸಲಹೆ ಬರೆಯಬೇಕು. ಹೆಚ್ಚಿನವರು ಚುಕ್ಕಿ ಇಟ್ಟು ಮುಗಿಸುತ್ತಾರೆ. ಒಂದು ವರ್ಷ ಒಬ್ಬರು ಬರೆದಿದ್ದರು: 'ಲ್ಯಾಬ್ 4.30ಕ್ಕೇ ಬೀಗ ಹಾಕಬೇಡಿ.' ಅದರ ಕೆಳಗೇ ಇನ್ನೊಬ್ಬರದ್ದು: 'ಲೇಟಾಗಿ ಲ್ಯಾಬ್ ಇಡಬೇಡಿ, ಪಾವಗಡದ ಬಸ್ಸು ತಪ್ಪುತ್ತೆ.' ಗುಬ್ಬಿಗಾದರೆ ಸುಮಾರು 20 ಕಿಲೋಮೀಟರ್. ನಿಮ್ಮ ಮಗಳು ಮೊದಲನೆಯದನ್ನು ಬರೆಯಬಹುದು.