ಮೈಗೆ ತಗುಲಿದ ವಿಕಿರಣಕ್ಕೆ ಉಸಿರು ಸಾಕ್ಷಿ ಹೇಳೀತೇ?

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಹರಾಜಿನ ಹಳೆಯ ಗಾಮಾ ಯಂತ್ರವೊಂದನ್ನು ಬಿಚ್ಚಿದವರಿಗೆ ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇದೆಯೆಂಬ ಸುಳಿವೂ ಇರಲಿಲ್ಲ. ಒಬ್ಬರು ಪ್ರಾಣ ಕಳೆದುಕೊಂಡರು, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಗಾಮಾ ಕಿರಣ ಮೈಯನ್ನು ಹಾದುಹೋಗುತ್ತದೆ. ವಿಕಿರಣದ ಧೂಳು ಅಂಟದಿದ್ದರೆ ರೋಗಿಯ ಬಳಿ ಹಿಡಿದ ಗೈಗರ್ ಕೌಂಟರ್ ಎಂಬ ವಿಕಿರಣ ಪತ್ತೆಯ ಉಪಕರಣ ಏನನ್ನೂ ಹೇಳುವುದಿಲ್ಲ. ನಮ್ಮಂಥ ವಿಕಿರಣ ಕೆಲಸಗಾರರ ಎದೆಯ ಮೇಲೆ, ಮೈಗೆ ತಗುಲಿದ ವಿಕಿರಣವನ್ನು ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಗುಜರಿ ಕೆಲಸಗಾರನಿಗೆ ಅವನ ದೇಹವೇ ಬ್ಯಾಡ್ಜ್.

ಆ ಬ್ಯಾಡ್ಜ್ ಓದಲು ಇಂದಿಗೂ ನಂಬುವುದು ರಕ್ತವನ್ನೇ. ಬಿಳಿ ರಕ್ತಕಣಗಳನ್ನು ಸುಮಾರು 48 ಗಂಟೆ ಬೆಳೆಸಿ, ಒಂದೇ ಇರಬೇಕಾದ ಸೆಂಟ್ರೊಮಿಯರ್ (ಕ್ರೋಮೊಸೋಮಿನ ನಡುಗಂಟು) ಎರಡಿರುವ ವಿಕೃತ ಕ್ರೋಮೊಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಬೆರಳೆಣಿಕೆಯ ಜನರಿಗಾದರೆ ಸರಿ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ವಿಕಿರಣ ಸೂಸುವ ಸೀಸಿಯಂ-137 ಹರಡಿದಾಗ ತಪಾಸಣೆಗೆ ಒಳಗಾದವರು ಸುಮಾರು 1,12,000 ಮಂದಿ. ಮಾಲಿನ್ಯ ಕಂಡದ್ದು 249 ಮಂದಿಯಲ್ಲಿ. ಲಕ್ಷಕ್ಕೂ ಮಿಕ್ಕಿದ ಜನರ ರಕ್ತಕಣ ಬೆಳೆಸುವ ಪ್ರಯೋಗಾಲಯ ಎಲ್ಲಿದೆ?

ಜೀವಕೋಶಗಳು ಹೊರಬಿಡುವ ಆವಿಶೀಲ ಸಂಯುಕ್ತಗಳ ಮೇಲೆ ಆಸೆ ಹುಟ್ಟುವುದು ಇಲ್ಲಿಯೇ. ವಿಕಿರಣ ಕೋಶದೊಳಗಿನ ನೀರನ್ನು ಸೀಳಿದಾಗ ಕಂಡದ್ದರ ಜೊತೆ ಥಟ್ಟನೆ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟಿ ಕೋಶಪೊರೆಯ ಅಪರ್ಯಾಪ್ತ ಕೊಬ್ಬಿಗೆ ಮುತ್ತಿಗೆ ಹಾಕುತ್ತವೆ. ಒಮೆಗಾ-3 ಕೊಬ್ಬು ಒಡೆದರೆ ಈಥೇನ್, ಒಮೆಗಾ-6 ಒಡೆದರೆ ಪೆಂಟೇನ್ ಮತ್ತು ಹೆಕ್ಸನಾಲ್. ಹಳೆಯ ಕಡಲೆಕಾಯಿ ಎಣ್ಣೆಗೆ ಕಮಟು ವಾಸನೆ ಬರುವುದೂ ಇದೇ ಬಗೆಯ ರಾಸಾಯನಿಕ ಕ್ರಿಯೆಯಿಂದ. ದೇಹದಲ್ಲಿ ಇವು ರಕ್ತ ಸೇರಿ, ಶ್ವಾಸಕೋಶ ದಾಟಿ ಉಸಿರಿನಲ್ಲಿ ಹೊರಬರುತ್ತವೆ.

ಪ್ರಯೋಗಾಲಯದಲ್ಲಿ ಕೋಶಗಳ ಮೇಲಿನ ಗಾಳಿಗೆ ಕೂದಲಿನಷ್ಟು ತೆಳುವಾದ ಲೇಪಿತ ಎಳೆಯೊಂದನ್ನು ಇಳಿಬಿಡುತ್ತಾರೆ. ಅದು ಹೀರಿಕೊಂಡದ್ದನ್ನು ಕಾಯಿಸಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಕಳಿಸಿದರೆ ಸಂಯುಕ್ತಗಳು ಒಂದೊಂದಾಗಿ ಬೇರ್ಪಡುತ್ತವೆ. ತೊಡಕಿರುವುದೂ ಇಲ್ಲೇ: ಪ್ಲಾಸ್ಟಿಕ್ ಪಾತ್ರೆಯೂ, ಪೋಷಕ ದ್ರಾವಣವೂ ತಮ್ಮದೇ ಆವಿ ಬಿಡುತ್ತವೆ. ಹೀಗಾಗಿ ಗಾಜಿನ ಸೀಸೆಯೇ ಮೇಲು. ಕೋಶವಿಲ್ಲದ ದ್ರಾವಣದ ಸೀಸೆ, ವಿಕಿರಣ ಬೀಳದ ಕೋಶಗಳ ಸೀಸೆ ಎರಡೂ ಪಕ್ಕದಲ್ಲಿರಲೇಬೇಕು. ಕೋಶಗಳು ಸತ್ತು ಸಂಖ್ಯೆ ಇಳಿದಿದ್ದರೆ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. ಇಷ್ಟನ್ನು ತೋರಿಸದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಮನುಷ್ಯರಲ್ಲಿ ಇನ್ನೂ ಕಷ್ಟ. ಬೀಡಿ ಸೇದುವವನ ಉಸಿರಿನಲ್ಲಿ, ಉರಿಯೂತದಿಂದ ಬಳಲುವವನ ಉಸಿರಿನಲ್ಲಿ ಇವೇ ಸಂಯುಕ್ತಗಳು ಏರಿರಬಹುದು. ಅಪಘಾತಕ್ಕೆ ಮೊದಲು ಅವನ ಉಸಿರು ಹೇಗಿತ್ತೆಂದು ಯಾರೂ ಅಳೆದಿರುವುದಿಲ್ಲ. ಅಸ್ಥಿಮಜ್ಜೆ ಕಸಿಗೆ ಮುನ್ನ ಇಡೀ ದೇಹಕ್ಕೆ ವಿಕಿರಣ ಪಡೆಯುವವರಿಂದ ಮಾಹಿತಿ ಸಿಗುತ್ತದೆ ನಿಜ, ಆದರೆ ಅವರು ಸಾಮಾನ್ಯವಾಗಿ ಕೀಮೊಥೆರಪಿಯನ್ನೂ ಪಡೆದಿರುತ್ತಾರೆ.

ಆದ್ದರಿಂದ ಉಸಿರಿನ ವರದಿಯಲ್ಲಿ ಇಷ್ಟು ಗ್ರೇ (ದೇಹ ಹೀರಿದ ವಿಕಿರಣದ ಅಳತೆಯ ಮಾನ) ಎಂದು ಅಂಕಿ ಬರೆಯುವುದನ್ನು ನಾನು ವಿರೋಧಿಸುತ್ತೇನೆ. ಮಜ್ಜೆಯನ್ನು ಚೇತರಿಸುವ ಔಷಧಿ ಯಾರಿಗೆ ಕೊಡಬೇಕೆಂಬುದು ಆ ಅಂಕಿಯನ್ನೇ ಅವಲಂಬಿಸಿದೆ. ವಾಂತಿ ಶುರುವಾದ ಹೊತ್ತು, ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಇಳಿಯುವ ವೇಗ, ಇವುಗಳ ಜೊತೆಗೆ ಉಸಿರೂ ಸೇರಿ, ಸರದಿಯಲ್ಲಿ ನಿಂತವರಲ್ಲಿ ಯಾರ ರಕ್ತವನ್ನು ಮೊದಲು ಪರೀಕ್ಷೆಗೆ ಕಳಿಸಬೇಕೆಂದು ತಿಳಿಸಿದರೆ ಅದೇ ದೊಡ್ಡ ಉಪಕಾರ.